ಬೇಸ್ ಸ್ವಲ್ಪ ಜಾಸ್ತಿ ಇಡು ಗುರು

ಕನ್ನಡದಲ್ಲಿ 'ಬೇಸ್' ಎಂಬ ಪದಕ್ಕೆ ಇವತ್ತು ಇರುವುದು ಒಂದೇ ಅರ್ಥ: ಎದೆ ನಡುಗಬೇಕು. ಹೋಂ ಥಿಯೇಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ಅದನ್ನೇ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಗಾಡಿಯ ಮುಂದೆ ಕುಣಿಯುವ ಹುಡುಗರು 'ಬೇಸ್ ಜಾಸ್ತಿ ಇಡು ಗುರು' ಎಂದರೆ ಬೀದಿಯ ಕಿಟಕಿ ಗಾಜೆಲ್ಲ ಅದುರಲಿ ಎಂದು. ಇಂಥ ಊರಿನಲ್ಲಿ ಬೇಸ್ ಗಿಟಾರ್ ಎಂಬ ವಾದ್ಯವೊಂದಿದೆ, ಅದಕ್ಕೆ ನಾಲ್ಕೇ ತಂತಿ, ಹೆಚ್ಚಿನ ಹೊತ್ತು ಅದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ, ಹಾಡು ಯಾವ ನೆಲದ ಮೇಲೆ ನಿಂತಿದೆ ಎಂದು ಹೇಳುವುದು ಅದರ ಕೆಲಸ ಎಂದು ವಿವರಿಸಲು ಹೊರಟರೆ ಕೇಳುವವರು 'ಓಹ್, ಗಿಟಾರ್ರಾ' ಎಂದು ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ನಾವು ಹಾಡು ಕೇಳುವುದು ಮೊಬೈಲಿನಲ್ಲಿ. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿಯನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೇಲಿನ ಅನುರಣನಗಳನ್ನು ಹಿಡಿದು ನಮ್ಮ ಮಿದುಳು ಆ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಅಂದರೆ ಬಹಳಷ್ಟು ಸಲ ನಾವು ಬೇಸನ್ನು ಕೇಳುತ್ತಲೇ ಇಲ್ಲ, ಇರಬೇಕು ಎಂದುಕೊಳ್ಳುತ್ತಿದ್ದೇವೆ ಅಷ್ಟೆ.

ಆದರೂ ಈ ವಾದ್ಯವನ್ನು ಕಟ್ಟಿಕೊಂಡವರ ಒಂದು ದೊಡ್ಡ ಗುಂಪು ಬೆಂಗಳೂರಿನ ಅಂಚಿನಲ್ಲಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ವಾರವಿಡೀ ದುಡಿದು ಶನಿವಾರ ಸಂಜೆ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಜ್ಯಾಮ್ ರೂಮ್ ಹಿಡಿಯುವವರು. ಹಸಿರು ಮಾರ್ಗದ ಮೆಟ್ರೋದಲ್ಲಿ ಆಳೆತ್ತರದ ಕಪ್ಪು ಚೀಲ ಬೆನ್ನಿಗೇರಿಸಿಕೊಂಡು, ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಓಡುವವರನ್ನು ನೀವು ನೋಡಿರಬಹುದು. ಇವರಲ್ಲಿ ಬೇಸ್ ನುಡಿಸಲೆಂದೇ ಸಂಗೀತಕ್ಕೆ ಬಂದವರು ಕಡಿಮೆ. ತಂಡದಲ್ಲಿ ಇಬ್ಬರು ಗಿಟಾರಿನವರಿದ್ದಾಗ ಸ್ವಲ್ಪ ಸಾಧುವಾದವನ ಕೊರಳಿಗೆ ಬೇಸ್ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಆಮೇಲೆ ಪ್ರೀತಿಸಿದವರು ಇವರು.

ಇವರು ಸೇರಿದಾಗ ಏನು ಮಾತಾಡುತ್ತಾರೆ? ವರ್ಷಗಳಿಂದ ಕೇಳಿಸಿಕೊಂಡಿದ್ದೇನೆ. ಬೆರಳಲ್ಲಿ ನುಡಿಸಬೇಕೋ ಪಿಕ್ ಹಿಡಿಯಬೇಕೋ. ನಾಲ್ಕು ತಂತಿ ಸಾಕೋ, ಐದು ಬೇಕೋ. ನುಣುಪಾದ ಫ್ಲಾಟ್‌ವೂಂಡ್ ತಂತಿಯೋ ಉರುಟಾದ ರೌಂಡ್‌ವೂಂಡೋ. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಮಾದರಿ ಮೇಲೋ, 1960ರ ಜಾಝ್ ಬೇಸೋ. ಮರದ ಜಾತಿಯಿಂದ ದನಿ ಬದಲಾಗುತ್ತದೋ ಇಲ್ಲವೋ ಎಂಬುದಂತೂ ನಮ್ಮ ದ್ವೈತ-ಅದ್ವೈತದ ಹಾಗೆ, ಇತ್ಯರ್ಥವಾಗುವುದು ಯಾರಿಗೂ ಬೇಕಿಲ್ಲ. 15-20 ಸಾವಿರದ ವಾದ್ಯದಿಂದ ಶುರುವಾಗಿ ಲಕ್ಷ ದಾಟಿದ ಅಮೆರಿಕದ ವಾದ್ಯದವರೆಗೆ ಒಂದು ಏಣಿ ಇದೆ. ಪ್ರತಿ ಬೋನಸ್ಸಿಗೆ ಒಂದು ಮೆಟ್ಟಿಲು. ಆನ್‌ಸೈಟ್ ಹೋದ ಗೆಳೆಯನಿಗೆ ಎಲ್ಲರೂ ಚಾಕೊಲೇಟ್ ತಾ ಎಂದರೆ ಇವರು ಪೆಡಲ್ ತಾ ಎನ್ನುತ್ತಾರೆ.

ಇದನ್ನೆಲ್ಲ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಪೀಣ್ಯದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಟೂಲ್ ರೂಮಿನವನು. ಅವನು ಬೇಸನ್ನು ಸರಿಮಾಡುವುದನ್ನು ನೋಡಬೇಕು. ಕತ್ತಿನೊಳಗಿನ ಟ್ರಸ್ ರಾಡನ್ನು ತಿರುಗಿಸುವ ಅಲೆನ್ ಕೀ ಅವನ ಜೇಬಿನಲ್ಲಿ ಹೇಗೂ ಇರುತ್ತದೆ, ಮೆಷಿನ್ನಿಗೂ ಅದೇ ಬೇಕಲ್ಲ. ತಂತಿಯ ಎರಡು ತುದಿ ಒತ್ತಿ ಹಿಡಿದು ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ 0.3 ಮಿಲಿಮೀಟರ್ ಎನ್ನುತ್ತಾನೆ. ಹನ್ನೆರಡನೇ ಮನೆಯ ಮೇಲೆ ತಂತಿ 2 ಮಿಲಿಮೀಟರಿಗಿಂತ ಮೇಲೆ ನಿಂತರೆ ಅವನಿಗೆ ನಿದ್ದೆ ಬರುವುದಿಲ್ಲ. ಹಿತ್ತಾಳೆಯ ಒಂದು ನಟ್ ತಾನೇ ಅರೆದು ಕೂರಿಸಿದ್ದಾನೆ. ಅಂಗಡಿಯಲ್ಲಿ ಸೆಟಪ್ಪಿಗೆ ಕೊಡುವ ದುಡ್ಡು ಉಳಿಯಿತು ಎಂಬುದಕ್ಕಿಂತ, ತನ್ನ ವೃತ್ತಿಯ ನಯ ತನ್ನ ಹವ್ಯಾಸಕ್ಕೂ ಬಂತು ಎಂಬ ಹೆಮ್ಮೆ ಅವನದು. ಆ ಹೆಮ್ಮೆ ನ್ಯಾಯವಾದದ್ದು.

ಇವನಿಂದಲೇ ನನಗೆ ಇನ್ನೊಂದು ವಿಚಾರ ತಿಳಿಯಿತು. ಜಾಝ್ ಬೇಸಿನಲ್ಲಿ ಎರಡು ಪಿಕಪ್‌ಗಳಿರುತ್ತವೆ. ಒಂದನ್ನು ತಗ್ಗಿಸಿದರೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ, ಕರೆಂಟಿನ ಸದ್ದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಬೇಸಿನ ಕೆಳತಂತಿಯ ಮೂರನೇ ಮನೆಯ 'ಜಿ' 49 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಗುನುಗುವುದು ಅದರ ದುಪ್ಪಟ್ಟು, 100ರಲ್ಲಿ. ಬೇಸಿನ ಮೇಲಿನ ಖಾಲಿ ತಂತಿ 98ರಲ್ಲಿ. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ಆ ತಂತಿ ಮೀಟಿದರೆ ಎರಡೂ ಒಂದಕ್ಕೊಂದು ತಿಕ್ಕಿ ಸೆಕೆಂಡಿಗೆ ಎರಡು ಸಲ ಅಲೆಯಾಡುವುದು ಕೇಳಿಸುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳಿದರೆ ಇಡೀ ಪೀಣ್ಯ ಬಿಳಿ ಐದರ ಶ್ರುತಿಯಲ್ಲಿದೆ, ಕೂದಲೆಳೆಯಷ್ಟು ಏರು. ಅಮೆರಿಕದ ಕರೆಂಟು 60 ಹರ್ಟ್ಸ್, ಅಲ್ಲಿನವರ ಶ್ರುತಿ ಬೇರೆ.

ಇಷ್ಟು ಸೂಕ್ಷ್ಮ ಕಿವಿ ಇರುವ ಮನುಷ್ಯನನ್ನು ಒಮ್ಮೆ ಕೇಳಿದೆ: 'ಜೊತೆಯಲಿ ಜೊತೆಜೊತೆಯಲಿ' ಹಾಡಿನಲ್ಲಿ ಬೇಸ್ ಏನು ಮಾಡುತ್ತದೆ? ಅವನು ಆ ಹಾಡನ್ನು ನೂರಾರು ಸಲ ಕೇಳಿದ್ದಾನೆ, ಹತ್ತಾರು ಸಲ ರಾಜ್ಯೋತ್ಸವದ ವೇದಿಕೆಯಲ್ಲಿ ನುಡಿಸಿದ್ದಾನೆ. 'ರೂಟ್ ಹಿಡಿದುಕೊಂಡು ಹೋಗ್ತೀನಿ ಸರ್, ಕೀಬೋರ್ಡ್‌ನವರು ಕಾರ್ಡ್ ಹೇಳ್ತಾರೆ' ಎಂದ. ನಾನು ಕೇಳಿದ್ದು ನೀನು ಏನು ನುಡಿಸುತ್ತೀಯ ಎಂದಲ್ಲ, ರೆಕಾರ್ಡಿನಲ್ಲಿ ಏನಿದೆ ಎಂದು. ಅವನಿಗೆ ನೆನಪಾಗಲಿಲ್ಲ. ಸ್ಟೀವ್ ಹ್ಯಾರಿಸ್ 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಜೊತೆ ಬಂದಾಗ ಬೆರಳು ಹೇಗೆ ಕುದುರೆ ಓಡಿಸಿದ ಎಂಬುದನ್ನು ಅವನು ಇವತ್ತಿಗೂ ಮೇಜಿನ ಮೇಲೆ ಕುಟ್ಟಿ ತೋರಿಸಬಲ್ಲ. ಕನ್ನಡದ ಹಾಡಿನ ಕೆಳದನಿ ಮಾತ್ರ ಅವನ ಕಿವಿಯ ಲೆಕ್ಕಕ್ಕೆ ಬಂದಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ನಮ್ಮ ಹವ್ಯಾಸಿ ಬೇಸ್ ವಾದಕರಿಗೆ ವಾದ್ಯದ ಬಗ್ಗೆ ಅಭಿಪ್ರಾಯಗಳಿವೆ, ಹಾಡಿನ ಬಗ್ಗೆ ಇಲ್ಲ. ಹಾಡಿನ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳಿದ್ದೂ ಇಲ್ಲ.

'ಗೀತಾ' ಚಿತ್ರ 1981ರದು, ಶಂಕರ್ ನಾಗ್ ನಿರ್ದೇಶನ, ಇಳಯರಾಜಾ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿದ್ದು. ಇಯರ್‌ಫೋನ್ ಹಾಕಿಕೊಂಡು, ಮಾತನ್ನು ಬಿಟ್ಟು, ಗಾಯಕರನ್ನೂ ಬಿಟ್ಟು, ಕೆಳಗೆ ಮಾತ್ರ ಕಿವಿ ಇಡಿ. ಅಲ್ಲಿ ಇನ್ನೊಂದು ಹಾಡು ನಡೆದಿದೆ. ಬೇಸ್ ಗಾಯಕರ ಹಿಂದೆ ಬಾಲ ಹಿಡಿದು ಹೋಗುವುದಿಲ್ಲ. ಅವರು ನಿಂತಾಗ ತಾನು ನಡೆಯುತ್ತದೆ, ಅವರು ಏರುವಾಗ ತಾನು ಇಳಿಯುತ್ತದೆ. ಶೀರ್ಷಿಕೆಯಲ್ಲಿರುವ 'ಜೊತೆ' ನಾಯಕ ನಾಯಕಿಯದು ಮಾತ್ರವಲ್ಲ ಎಂದು ನನಗೆ ಅನ್ನಿಸುವುದು ಆಗ. ಎರಡು ವರ್ಷದ ನಂತರದ 'ಪಲ್ಲವಿ ಅನುಪಲ್ಲವಿ'ಯ ಹಾಡುಗಳಲ್ಲೂ ಇದೇ ಕಸುಬಿದೆ. ಇದು ಆಕಾಶದಿಂದ ಬಿದ್ದದ್ದಲ್ಲ. ಇಳಯರಾಜಾ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ವರ್ಷಗಟ್ಟಲೆ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು, ಅಂದರೆ ಕನ್ನಡ ಸಿನಿಮಾ ಹಾಡಿನ ಒಲೆಯ ಮುಂದೆಯೇ ಕುಳಿತು ಕಲಿತವರು. ಅದೇ ಧಾಟಿ ಮುಂದೆ ತಮಿಳಿಗೂ ಹೋಯಿತು, 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ಹೋಯಿತು. ನಾವು 'ಅದು ನಮ್ಮ ಹಾಡು' ಎಂದು ಹೆಮ್ಮೆಪಟ್ಟೆವು. ಸರಿಯೇ. ಆದರೆ ನಮ್ಮ ಹಾಡಿನಲ್ಲಿ ನಮಗೆ ಕೇಳಿಸಿದ್ದು ಮೇಲಿನ ಅರ್ಧ.

ಕೆಳಗಿನ ಅರ್ಧ ಏಕೆ ಮುಖ್ಯ ಎಂಬುದನ್ನು ಸ್ವರದ ಭಾಷೆಯಲ್ಲೇ ಹೇಳಬಹುದು. ಗಾಯಕಿ ಶಂಕರಾಭರಣದ 'ಗ' ಹಿಡಿದು ನಿಂತಿದ್ದಾಳೆ ಎಂದುಕೊಳ್ಳಿ. ಕೆಳಗೆ ಬೇಸ್ 'ಸ' ನುಡಿಸಿದರೆ ಆ 'ಗ' ಮನೆಯಲ್ಲಿ ಕೂತ ಹಾಗೆ ನೆಮ್ಮದಿಯಾಗಿರುತ್ತದೆ. ಬೇಸ್ 'ದ'ಕ್ಕೆ ಇಳಿದರೆ ಅದೇ 'ಗ' ಈಗ ಅದರ ಪಂಚಮ. ಹಾಡಿಗೆ ಸಣ್ಣ ನೆರಳು ಬಿತ್ತು. 'ಮ'ಕ್ಕೆ ಹೋದರೆ 'ಗ' ಅದರ ನಿಷಾದವಾಗುತ್ತದೆ, ಏನೋ ಬೇಕು, ಸಿಕ್ಕಿಲ್ಲ ಎಂಬ ಎಳೆತ. ಗಾಯಕಿ ಮಾತ್ರ ಅಲ್ಲಾಡಿಲ್ಲ, ಉಸಿರೂ ಬದಲಿಸಿಲ್ಲ. ಗ್ರಹಭೇದ ಬಲ್ಲ ಕರ್ನಾಟಕ ಸಂಗೀತದವರಿಗೆ ಇದರ ತತ್ತ್ವ ಹೊಸದಲ್ಲ. ಆದರೆ ಅಲ್ಲಿ ವಿದ್ವಾಂಸರು ಅಪರೂಪಕ್ಕೆ ತೋರುವ ಚಮತ್ಕಾರ ಇಲ್ಲಿ ಪ್ರತಿ ಸಾಲಿಗೂ ನಡೆಯುತ್ತದೆ. ಅರ್ಥ ಬದಲಿಸುವ ಅಧಿಕಾರ ಹಿಂದೆ ಕತ್ತಲಲ್ಲಿ ನಿಂತವನ ಕೈಯಲ್ಲಿದೆ. ಅವನು 'ಕಾರ್ಡ್ ಹೇಳ್ತಾರೆ' ಎಂದು ಅದನ್ನು ಕೀಬೋರ್ಡಿನವರಿಗೆ ಬಿಟ್ಟುಕೊಟ್ಟರೆ ನನಗೆ ಸಂಕಟವಾಗುತ್ತದೆ.

ದೂರವನ್ನು ಅವನೊಬ್ಬನ ಮೇಲೆ ಹೊರಿಸಲಾರೆ. ಕನ್ನಡದಲ್ಲಿ ಹಾಡಿನ ವಿಮರ್ಶೆ ಎಂದರೆ ಸಾಹಿತ್ಯದ ವಿಮರ್ಶೆ, ಹೆಚ್ಚೆಂದರೆ ಕಂಠದ ವಿಮರ್ಶೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರ ಬಗ್ಗೆ ಎಷ್ಟು ಬರೆದಿದ್ದೇವೆ! ರಾಗ ಕವಿತೆಯನ್ನು ನುಂಗಿತೋ, ಕವಿತೆ ರಾಗದಿಂದ ಬೆಳೆಯಿತೋ ಎಂದು ಎಷ್ಟು ಜಗಳವಾಡಿದ್ದೇವೆ. ಆ ಜಗಳದಲ್ಲಿ ಪಕ್ಕವಾದ್ಯದ ಸೊಲ್ಲೇ ಇಲ್ಲ. ಅಶ್ವತ್ಥರ 'ಕನ್ನಡವೇ ಸತ್ಯ' 2005ರಲ್ಲಿ ನಡೆದದ್ದೂ ಅದೇ ಅರಮನೆ ಮೈದಾನದಲ್ಲಿ, ಐರನ್ ಮೇಡನ್‌ಗಿಂತ ಎರಡು ವರ್ಷ ಮೊದಲು. ಒಂದೇ ಮೈದಾನಕ್ಕೆ ಬಂದ ಈ ಎರಡು ಜನಸಮೂಹ ಒಂದರ ಕಿವಿಯಿಂದ ಇನ್ನೊಂದು ಕೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಎರಡಕ್ಕೂ ಹೋದವರು ಇದ್ದೇ ಇರುತ್ತಾರೆ, ಆದರೆ ಅವರು ಎರಡು ಜೇಬಿನಲ್ಲಿ ಎರಡು ಕಿವಿ ಇಟ್ಟುಕೊಂಡವರು.

ಮೋಟೌನ್ ಕತೆ ಇಲ್ಲಿ ಹೇಳಬೇಕು, ಯಾಕೆಂದರೆ ಅದೂ ಕಾರ್ಖಾನೆ ಊರಿನ ಕತೆ. ಡೆಟ್ರಾಯಿಟ್ ಕಾರಿನ ಊರು. ಮೋಟಾರ್ ಟೌನ್ ಎಂಬುದನ್ನೇ ಕುಗ್ಗಿಸಿ ಕಂಪನಿಗೆ ಹೆಸರಿಟ್ಟ ಬೆರಿ ಗಾರ್ಡಿ ಸ್ವತಃ ಕಾರು ಜೋಡಿಸುವ ಸಾಲಿನಲ್ಲಿ ದುಡಿದವರು. ಆ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್‌ಸನ್. ಬಲಗೈಯ ಒಂದೇ ತೋರುಬೆರಳು. ತಂತಿ ಹರಿಯುವವರೆಗೆ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ. ಜಗತ್ತು ಆ ಹಾಡುಗಳಿಗೆ ಕುಣಿಯಿತು, ಆದರೆ 1971ರಲ್ಲಿ ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಬರುವವರೆಗೆ ಮೋಟೌನ್ ರೆಕಾರ್ಡಿನ ಹೊದಿಕೆಯ ಮೇಲೆ ಅವರ ಹೆಸರಿರಲಿಲ್ಲ. ನಮ್ಮ ಹವ್ಯಾಸಿಗಳಿಗೆ ಜೇಮರ್‌ಸನ್ ದೇವರು. ತಂತಿಯ ಬ್ರ್ಯಾಂಡ್ ಕೂಡ ಕೇಳಿದರೆ ಹೇಳುತ್ತಾರೆ. ನಮ್ಮ ಕ್ಯಾಸೆಟ್ಟುಗಳ ಹೊದಿಕೆಯಲ್ಲಿ ಯಾರ ಹೆಸರಿರಲಿಲ್ಲ ಎಂಬ ಪ್ರಶ್ನೆ ಮಾತ್ರ ಅವರಿಗೆ ಹೊಳೆಯುವುದಿಲ್ಲ.

ಇನ್ನೊಂದು ತೊಡಕಿದೆ. ಅದು ಶಾಸ್ತ್ರದ್ದಲ್ಲ, ಭೌತಿಕವಾದದ್ದು. ನಮ್ಮ ಸಂಗೀತದಲ್ಲಿ ಕೆಳದನಿ ತಂತಿಯಲ್ಲಿರಲಿಲ್ಲ, ಚರ್ಮದಲ್ಲಿತ್ತು. ಮೃದಂಗದ ಎಡಬದಿಗೆ ರವೆ ಮೆತ್ತುವುದು ದನಿ ತಗ್ಗಿಸಲಿಕ್ಕೇ. ತಬಲದ ಡಗ್ಗ, ಡೊಳ್ಳಿನ ಎಡ, ಎಲ್ಲ ಅದೇ ಜಾಗ. ಸುಗಮ ಸಂಗೀತದ ವೇದಿಕೆಗೆ ಬೇಸ್ ಗಿಟಾರ್ ಬಂದು ಕುಳಿತದ್ದು ಈಗಾಗಲೇ ಡಗ್ಗ ಕುಳಿತಿದ್ದ ಚಾಪೆಯ ಮೇಲೆ. ಒಳ್ಳೆಯ ವಾದಕ ಇದನ್ನು ಕೇಳಿ ತಿಳಿಯುತ್ತಾನೆ: ಡಗ್ಗ ಗುಮ್ ಎಂದು ಎಳೆಯುವಾಗ ತಾನು ತಂತಿಯನ್ನು ಅಂಗೈಯಿಂದ ಮುಚ್ಚುತ್ತಾನೆ. ಕೆಟ್ಟವನು ಆಂಪ್ಲಿಫೈಯರಿನ ತಿರುಪು ಏರಿಸುತ್ತಾನೆ. ಎರಡೂ ಸೇರಿ ಅಂಬಲಿಯಾಗುತ್ತದೆ. ಸೌಂಡಿನವನು 'ಹೊಸ ಸಬ್ ತಂದಿದೀನಿ ಸರ್' ಎಂದು ಇನ್ನಷ್ಟು ಕಲಸುತ್ತಾನೆ.

ತತ್ತ್ವಪದಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟುವಾದದ್ದು. ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ಈಗ ಪ್ರತಿ ಕಂಪನಿಯ ಕನ್ನಡ ಬಳಗದ ವೇದಿಕೆಯಲ್ಲೂ ಕೇಳಿಸುತ್ತದೆ. ಈ ಪದವನ್ನೂ 'ಗುಡುಗುಡಿಯ ಸೇದಿ ನೋಡೋ'ವನ್ನೂ ರಘು ದೀಕ್ಷಿತ್ 2008ರ 'ಅಂತರಾಗ್ನಿ'ಯಲ್ಲಿ ಹಾಡಿದ ಮೇಲೆ, ಶರೀಫರ ಪದಕ್ಕೆ ಡ್ರಮ್ಸು ಬೇಸು ಹಾಕಬಹುದು ಎಂಬ ಧೈರ್ಯ ಈ ಹುಡುಗರಿಗೆ ಬಂತು. ರಘು ದೀಕ್ಷಿತ್ ಪ್ರಾಜೆಕ್ಟಿನಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದ ಗೌರವ್ ವಾಜ್, ಸ್ವರಾತ್ಮದ ಜಿಷ್ಣು ದಾಸ್‌ಗುಪ್ತಾ, ಲಗೋರಿಯ ಶಾಲಿನಿ ಮೋಹನ್ ಇವರೆಲ್ಲ ನಮ್ಮ ಊರಿನ ಹಾಡಿಗೆ ತಳ ಕಟ್ಟಿದವರು. ಕಸುಬನ್ನು ದೂರದಿಂದ ನೋಡಿ ಮೆಚ್ಚಲು ಇವರ ಬೆರಳು ಸಾಕು. ನನ್ನ ದೂರು ಇವರನ್ನು ಅನುಕರಿಸಿದವರ ಮೇಲೆ. ಅನುಕರಣೆಯಲ್ಲಿ ಉಳಿದದ್ದು ಇಷ್ಟು: ಜಗತ್ತಿನ ಅರ್ಧ ಪಾಪ್ ಹಾಡುಗಳಿಗೆ ಹೊಂದುವ ನಾಲ್ಕು ಕಾರ್ಡುಗಳ ಚಕ್ರ, ಅದರ ಮೇಲೆ ಶರೀಫರು. ನಾಲ್ಕು ಮಾತ್ರೆಗೊಮ್ಮೆ ನೆಲ ಸರಿಯುತ್ತದೆ. ಒಂದು ನೆರಳು, ಒಂದು ಬೆಳಕು, ಒಂದು ಆಸೆ, ಮತ್ತೆ ಮನೆ. ಇದು ಪ್ರೇಮಗೀತೆಯ ನಡಿಗೆ. ಏಕತಾರಿ ಹಿಡಿದು ಹಾಡುವವರ ಕೆಳಗೆ ನೆಲ ಸರಿಯುವುದಿಲ್ಲ. ಮಾಳಿಗೆ ಸೋರುತ್ತಲೇ ಇರುತ್ತದೆ, ಹತ್ತಿ ಮುಚ್ಚುವವರಿಲ್ಲ, ಆ ಬೇಸರಕ್ಕೆ ಎಲ್ಲಿಗೂ ಹೋಗುವ ದಾರಿಯಿಲ್ಲ; ಶ್ರುತಿ ಅಲ್ಲೇ ನಿಂತಿರುವುದರಿಂದಲೇ ಆ ಪದ ಮೈಗೆ ಹತ್ತುತ್ತದೆ. ಬೇಸ್ ಗಿಟಾರ್ ಬಯಸಿದರೆ ಏಕತಾರಿಯ ಕೆಲಸ ಮಾಡಬಲ್ಲದು, ಅದಕ್ಕಿಂತ ಆಳದಲ್ಲಿ. 'ಸ' ಒಂದನ್ನೇ ಹಿಡಿದು, ಎಲ್ಲಿ ಮೀಟಬೇಕು, ಎಲ್ಲಿ ಬಿಡಬೇಕು, ಎಷ್ಟು ಉದ್ದ ಎಳೆಯಬೇಕು ಎಂಬುದರಲ್ಲೇ ಇಡೀ ಹಾಡನ್ನು ನಡೆಸಬಹುದು. ಐದನೇ ತಂತಿ ಬೇಕಿಲ್ಲ, ಪೆಡಲೂ ಬೇಕಿಲ್ಲ.

ಹೀಗೆಂದಾಗ ವೈಟ್‌ಫೀಲ್ಡಿನ ಒಂದು ತಂಡದ ಹುಡುಗ ತಕ್ಷಣ ಜವಾಬು ಕೊಟ್ಟ: 'ಸರ್, ಒಂದೇ ನೋಟ್ ನುಡಿಸೋಕೆ ನಾನ್ಯಾಕೆ, ತಂಬೂರಿ ಆಪ್ ಹಾಕಿದ್ರೆ ಸಾಕಲ್ಲ.' ಒಳ್ಳೆಯ ಪ್ರಶ್ನೆ. ಉತ್ತರವಿದೆ: ಆಪ್‌ಗೆ ಗಾಯಕನ ಉಸಿರು ಕೇಳಿಸುವುದಿಲ್ಲ. ಆದರೆ ಅವನ ಪ್ರಶ್ನೆಯ ಹಿಂದಿದ್ದದ್ದು ಬೇರೆ ಭಯ. ತಾನು ಬೇಡವಾಗುತ್ತೇನೆ ಎಂಬ ಭಯ, ಮತ್ತು ಅದು ನಿಜ.

ಯಾಕೆಂದರೆ ವೇದಿಕೆಗಳಿಂದ ಮೊದಲು ಮಾಯವಾಗುತ್ತಿರುವುದು ಬೇಸ್ ವಾದಕನೇ. ದಾಸರಹಳ್ಳಿ, ಲಗ್ಗೆರೆ, ಜಾಲಹಳ್ಳಿ ಕ್ರಾಸ್ ಕಡೆಯ ಆರ್ಕೆಸ್ಟ್ರಾಗಳಲ್ಲಿ ಮೊದಲು ಕೀಬೋರ್ಡಿನವನ ಎಡಗೈ ಬೇಸ್ ನುಡಿಸತೊಡಗಿತು. ಆಮೇಲೆ ಎಡಗೈಯೂ ಬೇಡವಾಯಿತು, ಕೀಬೋರ್ಡಿನ ಸ್ಟೈಲ್ ಗುಂಡಿಯೇ ಸಾಕಾಯಿತು. ಈಗ ಇಡೀ ಹಾಡು ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಆಗಿ ಬರುತ್ತದೆ, ಗಾಯಕ ಮಾತ್ರ ನಿಜ. ಸಂಘಟಕರ ಲೆಕ್ಕ ಸರಳ. ಒಬ್ಬ ಕಮ್ಮಿ ಎಂದರೆ ಒಂದು ಸಂಭಾವನೆ ಕಮ್ಮಿ, ಒಂದು ಊಟ ಕಮ್ಮಿ, ಟೆಂಪೋದಲ್ಲಿ ಒಂದು ಸೀಟು ಖಾಲಿ. ಕಂಪನಿಗಳ ನವೆಂಬರ್ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆಯ ಸೌಂಡ್ ಚೆಕ್ಕಿಗೂ ಪುರುಸೊತ್ತಿಲ್ಲ, ಮಧ್ಯಾಹ್ನ ಒಂದಕ್ಕೆ ಸಭಾಂಗಣ ಬಿಟ್ಟುಕೊಡಬೇಕು. ಟ್ರ್ಯಾಕಾದರೆ ತಪ್ಪೂ ಆಗುವುದಿಲ್ಲ. ಟ್ರ್ಯಾಕಿನಲ್ಲಿರುವ ಬೇಸ್ ಅಚ್ಚುಕಟ್ಟಾಗಿಯೇ ಇರುತ್ತದೆ. ರೂಟ್ ಮಾತ್ರ ನುಡಿಸುವ ವಾದಕನಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಸಂಘಟಕರಿಗೆ ನಾನು ಹೇಗೆ ತೋರಿಸಲಿ? ರೂಟ್ ಮಾತ್ರ ನುಡಿಸು ಎಂದು ಕಲಿಸಿದ ವೇದಿಕೆಯೇ ಈಗ ನೀನು ರೂಟ್ ಮಾತ್ರ ತಾನೇ ನುಡಿಸುವುದು ಎನ್ನುತ್ತಿದೆ. ವೈಟ್‌ಫೀಲ್ಡಿನ ಇಪಿಐಪಿ ವಲಯದಲ್ಲಿ ಜಾಝ್ ಕೇಳಿಸಲೆಂದೇ ಕಟ್ಟಿದ ರಂಗಮಂದಿರವುಳ್ಳ ವಿಂಡ್‌ಮಿಲ್ಸ್‌ನಂಥ ಜಾಗವಿದೆ, ಅಲ್ಲಿ ಬೇಸ್ ಕೇಳಿಸುತ್ತದೆ, ಜನ ಕೇಳುತ್ತಾರೆ ಕೂಡ. ಅಲ್ಲಿಗೂ ಲಗ್ಗೆರೆಗೂ ನಡುವೆ ಮೆಟ್ರೋ ಇದೆ, ಬೇರೆ ಸಂಪರ್ಕವಿಲ್ಲ.

ಟೂಲ್ ರೂಮಿನ ಗೆಳೆಯನ ತಂಡವೂ ಹೋದ ವರ್ಷ ಟ್ರ್ಯಾಕಿಗೆ ಹೋಯಿತು. ಅವನಿಗೆ ಯಾರೂ ಬೇಡ ಎನ್ನಲಿಲ್ಲ, ಕರೆಯಲಿಲ್ಲ ಅಷ್ಟೆ. ಈಗ ಭಾನುವಾರ ಬೆಳಿಗ್ಗೆ ಅವರ ಬೀದಿಯ ಭಜನೆ ಮಂಡಳಿಗೆ ಹೋಗಿ ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡು ಕೂರುತ್ತಾನೆ. ಅಲ್ಲಿ ಕೀಬೋರ್ಡ್ ಇಲ್ಲ, ಹಾರ್ಮೋನಿಯಂ, ತಾಳ, ತಬಲ. ಕಾರ್ಡ್ ಹೇಳುವವರಿಲ್ಲ. ಮೊದಲ ಕೆಲವು ವಾರ ಏನು ನುಡಿಸಬೇಕೆಂದು ತಿಳಿಯದೆ ಸುಮ್ಮನೆ ಕೂತಿದ್ದನಂತೆ. ಹಾರ್ಮೋನಿಯಂ ಹಿಡಿಯುವ ಹಿರಿಯರು 'ನುಡಿಸಪ್ಪ, ನಾಚಿಕೆ ಯಾಕೆ' ಎಂದರಂತೆ. ಹೋದ ತಿಂಗಳು ನಾನೂ ಹೋಗಿ ಕೇಳಿದೆ. ಎರಡು ಚರಣ 'ಸ' ಬಿಟ್ಟು ಕದಲಲಿಲ್ಲ. ಮೂರನೆಯದರಲ್ಲಿ, ಹಾಡುವವರು ಮೇಲಕ್ಕೆ ಹೋಗುವ ಮುನ್ನ ಉಸಿರು ತೆಗೆದುಕೊಂಡ ಸಂದಿಯಲ್ಲಿ, ಮೆಲ್ಲಗೆ 'ಪ'ಕ್ಕೆ ಸರಿದ. ಹಿರಿಯರು ಹಾರ್ಮೋನಿಯಂನಿಂದ ತಲೆಯೆತ್ತಿ ಒಮ್ಮೆ ಅವನ ಕಡೆ ನೋಡಿ ಮುಂದುವರಿಸಿದರು. ಮುಗಿದ ಮೇಲೆ ಇಬ್ಬರೂ ಪ್ರಸಾದದ ಉಪ್ಪಿಟ್ಟು ತಿನ್ನುತ್ತಾ ಅದರ ಬಗ್ಗೆಯೇ ಮಾತಾಡುತ್ತಿದ್ದರು: 'ಪ'ಕ್ಕೆ ಹೋದದ್ದು ಸರಿಯೋ, ಇನ್ನೊಂದು ಸಾಲು ಕಾಯಬೇಕಿತ್ತೋ.